ಹೂಕಾಳು ಕೆಡದ ಹಾಗೆ

ಮೊದಲ ಸಲ ಮನೆಗೆ ಬಂದ ಹೂಕಾಳನ್ನು ಕೆಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ಇನ್ನೊಬ್ಬರ ತಪ್ಪಿನ ಕಥೆಯಂತೆ ಕೇಳಿಸಬಹುದು, ಅದು ಹಾಗಲ್ಲ.

ಹೂಕಾಳು ಎನ್ನುವುದು ನಮ್ಮ ಮನೆಯ ಮಾತು. ಪುಸ್ತಕದಲ್ಲಿ ಅದನ್ನು ಪರಾಗ ಎನ್ನುತ್ತಾರೆ. ಜೇನುನೊಣ ತನ್ನ ಮೈಗೆ ಮೆತ್ತಿದ ಹೂವಿನ ಪುಡಿಯನ್ನು ಉಂಡೆ ಕಟ್ಟಿ, ಹಿಂಗಾಲಿಗೆ ಅಂಟಿಸಿಕೊಂಡು ಗೂಡಿಗೆ ತರುತ್ತದೆ. ಪೆಟ್ಟಿಗೆಯ ಬಾಯಿಗೆ ಸಣ್ಣ ತೂತುಗಳ ತಟ್ಟೆಯೊಂದನ್ನು ಸಿಕ್ಕಿಸಿದರೆ, ನೊಣ ನುಸುಳಿ ಒಳಗೆ ಹೋಗುವಾಗ ಕೆಲವು ಉಂಡೆಗಳು ಕಾಲಿನಿಂದ ಕಳಚಿ ಕೆಳಗಿನ ಟ್ರೇಗೆ ಬೀಳುತ್ತವೆ. ಸಾಸಿವೆಗಿಂತ ಸ್ವಲ್ಪ ದಪ್ಪ, ಬಣ್ಣ ಬಣ್ಣದ ಕಾಳುಗಳು. ಹುಚ್ಚೆಳ್ಳಿನ ಹೂವಿನದು ಅರಿಶಿನದ ಬಣ್ಣ, ತೆಂಗಿನದು ನಸುಹಳದಿ. ನೋಡಿದ ಕೂಡಲೇ ನನ್ನ ಅತ್ತೆ, "ಇದು ಹೂವು ಕೊಟ್ ಕಾಳು" ಎಂದಳು. ಅಂದಿನಿಂದ ಅದು ಹೂಕಾಳು.

ಅತ್ತೆ ಎಂದರೆ ನನ್ನ ಅಪ್ಪನ ಸ್ವಂತ ಅಕ್ಕ. ಅವಳ ಮಗನನ್ನೇ ನಾನು ಮದುವೆಯಾದದ್ದು. ಹಾಗಾಗಿ ಮದುವೆಗೆ ಮುಂಚೆಯೂ ಅವಳು ಅತ್ತೆ, ಆಮೇಲೂ ಅತ್ತೆ. ನಮ್ಮ ನಡುವೆ ಯಾವಾಗಲೂ 'ನೀನು' ಎನ್ನುವ ಸಲಿಗೆಯೇ. ಗಂಡನನ್ನು ಚಿಕ್ಕಂದಿನಿಂದ ಕರೆದ ಹಾಗೆ ಇಂದಿಗೂ ಬಾವ ಎನ್ನುತ್ತೇನೆ. ನಮ್ಮ ಊರು ತಮಿಳುನಾಡಿನ ಗಡಿಯೊಳಗೆ, ಡೆಂಕಣಿಕೋಟೆಯಿಂದ ಜವಳಗಿರಿಯ ಕಡೆಗೆ ಹೋಗುವಾಗ ಕಾಡಿನ ಅಂಚಿಗೆ ಸಿಗುತ್ತದೆ. ಬಾವ ರಾಗಿ, ಹುರುಳಿಕಾಯಿ, ಟೊಮೆಟೊ ಬೆಳೆಯುತ್ತಾರೆ. ನಾನು ಹೊಸೂರಿನ ಮೂಕಂಡಪಲ್ಲಿಯ ಹತ್ತಿರ ಒಂದು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಬಂದ ಪಾರ್ಟುಗಳನ್ನು ಅಳೆದು, ಸರಿ ಇದ್ದದ್ದನ್ನು ಒಂದು ಕಡೆ, ಕೆಟ್ಟದ್ದನ್ನು ಇನ್ನೊಂದು ಕಡೆ ಇಡುವುದು.

ಬಾವ ಜೇನಿನ ತರಬೇತಿಗೆ ಹೋಗಿ ಬಂದು, ಹೊಲದ ಬದುವಿನ ಮೇಲೆ ಹನ್ನೆರಡು ಪೆಟ್ಟಿಗೆ ಇಟ್ಟರು. ಮೊದಲ ಸಲ ಟ್ರೇಯಲ್ಲಿ ಬಿದ್ದ ಕಾಳನ್ನು ಒಂದು ಸ್ಟೀಲ್ ಬಟ್ಟಲಿನಲ್ಲಿ ತಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಅಡುಗೆಮನೆಯ ಗೂಡಿನಲ್ಲಿಟ್ಟು ಕೆಲಸಕ್ಕೆ ಹೋದೆ. ಮೂರನೆಯ ದಿನ ತೆಗೆದು ನೋಡಿದರೆ ಕಾಳಿನ ಮೇಲೆ ಬಿಳಿಯ ನೂಲಿನಂಥ ಬೂಷ್ಟು. ಹಳೆಯ ದೋಸೆ ಹಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು.

ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಹಸಿ ಕಾಳ್ನ ಮುಚ್ಚಿಟ್ರೆ ಬೂಷ್ಟು ಬರ್ದೆ ಇನ್ನೇನ್ ಬತ್ತದೆ? ರಾಗೀನ ಒಣಗಿಸ್ದೆ ವಾಡೇಗ್ ಸುರೀತೀಯಾ? ಇನ್ಮ್ಯಾಲೆ ಇದ್ನ ನಂಗ್ ಬುಟ್ಬುಡಮ್ಮ" ಎಂದಳು. ಬೈಗುಳವಾಗಿರಲಿಲ್ಲ. ಅವಳಿಗೆ ಒಂದು ಕೆಲಸ ಸಿಕ್ಕಿತ್ತು. ಮಾವ ತೀರಿಕೊಂಡ ಮೇಲೆ ಅವಳು ಹೊಲದ ಕಡೆ ಹೆಚ್ಚು ಹೋಗುತ್ತಿರಲಿಲ್ಲ.

ತರಬೇತಿಯಲ್ಲಿ ಪಾಠ ಹೇಳಿದವರು ತಮಿಳಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರಂತೆ: 'ಈರಂ ಇರುಕ್ಕಕ್ಕೂಡಾದು', ತೇವ ಇರಕೂಡದು. ಬಾವ ಅದನ್ನು ಅತ್ತೆಗೆ ಹೇಳಿದರು. ಮಿಕ್ಕದ್ದನ್ನು ಅವಳು ತನ್ನ ಅರವತ್ತು ವರ್ಷಗಳ ಬದುಕಿನಿಂದ ತೆಗೆದಳು. ಬೀಜದ ಅವರೆಗೆ ಕೆಮ್ಮಣ್ಣು ಕಟ್ಟಿ ಹುಳ ಬೀಳದಂತೆ ಇಟ್ಟವಳು, ರಾಗಿಯನ್ನು ವರ್ಷಗಟ್ಟಲೆ ಮುಗ್ಗದಂತೆ ಕಾದವಳು ಅವಳು.

ಹೂಕಾಳು ಬಂದ ದಿನವೇ ಅದನ್ನು ಮೊರಕ್ಕೆ ಹಾಕಿ, ನೊಣದ ರೆಕ್ಕೆ, ಕಾಲು, ಕಸ ಎಲ್ಲವನ್ನೂ ಆರಿಸುತ್ತಿದ್ದಳು. ಆಮೇಲೆ ಮಾವನ ಹಳೆಯ ಬಿಳಿ ಪಂಚೆಯನ್ನು ಪಡಸಾಲೆಯ ಮಂಚದ ಮೇಲೆ ಹಾಸಿ, ಕಾಳಿನ ಮೇಲೆ ಕಾಳು ಬೀಳದ ಹಾಗೆ ತೆಳ್ಳಗೆ ಹರಡುತ್ತಿದ್ದಳು. ಬಿಸಿಲಿಗೆ ಇಡುತ್ತಿರಲಿಲ್ಲ. "ಬಿಸ್ಲು ಬಣ್ಣಾನೂ ತಿಂತದೆ, ಸತ್ವಾನೂ ತಿಂತದೆ" ಎನ್ನುವಳು. ಗಾಳಿಯಾಡುವ ನೆರಳಲ್ಲಿ, ಮೇಲೊಂದು ತೆಳು ಬಟ್ಟೆ ಮುಚ್ಚಿ, ದಿನಕ್ಕೆ ಮೂರು ನಾಲ್ಕು ಸಲ ಬೆರಳಿನಿಂದ ಮಗುಚುವಳು. ಒಣಗಿದೆಯೇ ಎಂದು ನೋಡಲು ಎರಡು ಕಾಳು ಹಿಸುಕುವಳು. ಅವು ಒಂದಕ್ಕೊಂದು ಅಂಟಬಾರದು. ನಾಲ್ಕು ಕಾಳನ್ನು ಸ್ಟೀಲ್ ತಟ್ಟೆಯ ಮೇಲೆ ಬಿಡುವಳು. ಟಿಣ್ ಎಂದು ಸದ್ದಾಗಬೇಕು. ಕೊನೆಗೆ ಒಂದು ಹಿಡಿಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವಳು. ಆ ಕೊನೆಯ ಪರೀಕ್ಷೆಯಲ್ಲಿ ಗೆಲ್ಲದೆ ಯಾವ ಕಾಳೂ ಜಾಡಿಗೆ ಹೋಗುತ್ತಿರಲಿಲ್ಲ.

ಜಾಡಿಗಳು ಗಾಜಿನವೇ ಆಗಬೇಕು. ಕುದಿಯುವ ನೀರಲ್ಲಿ ತೊಳೆದು, ಬಿಸಿಲಲ್ಲಿ ಬೋರಲು ಹಾಕಿ, ಒಂದು ಹನಿಯೂ ಇಲ್ಲದಂತೆ ಒಣಗಿಸಿ, ಕುತ್ತಿಗೆಯವರೆಗೂ ಕಾಳು ತುಂಬುವಳು. ಬೆಳಕು ಬೀಳದ ಹಾಗೆ ಹಳೆಯ ಪೇಪರು ಸುತ್ತುವಳು. ಮೊದಲು ಎರಡು ದಿನ ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ ಇಡಬೇಕು, ಹುಳದ ಮೊಟ್ಟೆ ಇದ್ದರೆ ಸಾಯಲೆಂದು, ಆಮೇಲೆ ಕೆಳಗೆ. ಮಳೆಗಾಳಿಗೆ ಕಂಬ ಬಿದ್ದು ಕರೆಂಟು ಹೋದರೆ ಜಾಡಿಗಳನ್ನು ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ, ರಾಗಿಯ ನಡುವೆ ಹುಗಿದಿಡುವಳು. ಒಳಗೆ ಅಷ್ಟು ತಂಪು ಎಂದು ನನಗೆ ಗೊತ್ತಾದದ್ದೇ ಆಗ.

ನನಗೆ ಅವಳು ಎರಡೇ ಕಟ್ಟಳೆ ಹಾಕಿದ್ದಳು. ಫ್ರಿಜ್ಜಿನಿಂದ ತೆಗೆದ ಜಾಡಿ ಹೊರಗೆ ಬೆವರುತ್ತದೆ. ಆ ಬೆವರು ತಾನಾಗಿ ಆರುವವರೆಗೂ ಮುಚ್ಚಳ ಬಿಚ್ಚಬಾರದು. ಜಾಡಿಗೆ ಒದ್ದೆ ಚಮಚ ಹಾಕಬಾರದು. ಮುಂಜಾನೆ ಬಸ್ಸಿಗೆ ಓಡುವ ಮುನ್ನ ನಾನು ಒಂದು ಚಮಚ ಹೂಕಾಳು ತಿಂದು ಹೋಗುತ್ತಿದ್ದೆ. ಹಾಗಾಗಿ ಆ ಕಟ್ಟಳೆ.

ಆದರೆ ಜಾಡಿ ತುಂಬಿಡುತ್ತಿದ್ದದ್ದು ಮುಖ್ಯವಾಗಿ ನಮಗಲ್ಲ, ನೊಣಗಳಿಗೇ. ಆಷಾಢದ ಗಾಳಿಮಳೆಯಲ್ಲಿ ಹೊರಗೆ ಹೂವಿರುವುದಿಲ್ಲ. ಗೂಡಿನೊಳಗೆ ಮರಿಗಳಿಗೆ ಆಹಾರ ಸಾಲದು. ಆಗ ಬಾವ ಹೂಕಾಳನ್ನು ಸಕ್ಕರೆ ಪುಡಿ, ಜೇನುತುಪ್ಪದ ಜತೆ ಚಪಾತಿ ಹಿಟ್ಟಿನಂತೆ ಕಲಸಿ, ತಟ್ಟಿ, ಗೂಡಿನೊಳಗೆ ಇಡುತ್ತಿದ್ದರು. ಅವುಗಳಿಂದ ಕಾರ್ತಿಕದಲ್ಲಿ ತೆಗೆದುಕೊಂಡದ್ದನ್ನು ಆಷಾಢದಲ್ಲಿ ಅವುಗಳಿಗೇ ಕೊಡುವುದು. ಅತ್ತೆಗೆ ಇದು ಬಹಳ ಇಷ್ಟವಾಗಿತ್ತು. "ಅವುಗ್ಳ ಗಂಟು ನಮ್ತಾವ ಅದೆ. ಕೆಡಿಸ್ಬಾರ್ದು" ಎನ್ನುತ್ತಿದ್ದಳು.

ಅವಳ ಮೂಗಿನ ವಿಷಯ ಹೇಳಬೇಕು. ಊರಲ್ಲಿ ಬೆಣ್ಣೆ ಕಾಯಿಸಿದವರು ತುಪ್ಪ ಹದಕ್ಕೆ ಬಂದಿದೆಯೇ ಎಂದು ಅವಳಿಗೆ ತಂದು ತೋರಿಸುತ್ತಿದ್ದರು. ರಾಗಿ ಹಾಲುಗಟ್ಟುವ ಕಾಲದಲ್ಲಿ, ಕಾಡಿನ ಕಡೆಯಿಂದ ಗಾಳಿ ಬೀಸಿದಾಗ ಜಗುಲಿಯಲ್ಲಿ ಕೂತೇ, "ಹೊಲದ್ ಕಡೆ ಬಂದವೆ ಕಣ್ಲಾ, ಪಟಾಕಿ ತಕ್ಕೋ" ಎನ್ನುವಳು. ಸ್ವಲ್ಪ ಹೊತ್ತಿಗೆ ಆನೆ ಕಂಡವರ ಕೂಗು ಕೇಳಿಸುತ್ತಿತ್ತು. ನಾನು ಕೆಲಸದಿಂದ ಬಂದು ಹೊಸಿಲು ದಾಟುವ ಮೊದಲೇ ಒಳಗಿನಿಂದ, "ಇವತ್ತು ಕಾಕಡ ಮುಡ್ದಿದೀಯ" ಎನ್ನುತ್ತಿದ್ದಳು. ಅದು ಮಲ್ಲಿಗೆಯಾಗಿದ್ದರೆ ಮಲ್ಲಿಗೆ ಎನ್ನುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ.

ಆಮೇಲೆ ಆ ಜ್ವರದ ವರ್ಷ ಬಂತು. ಮನೆಗೆ ತಂದವಳು ನಾನೇ ಇರಬೇಕು, ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು ನಾನೊಬ್ಬಳೇ. ಮೊದಲು ನಾನು ಮಲಗಿದೆ, ವಾರದಲ್ಲಿ ಅತ್ತೆ ಮಲಗಿದಳು. ಬಾವ ಇಬ್ಬರಿಗೂ ಗಂಜಿ ಕಾಯಿಸಿ ಬಾಗಿಲ ಹತ್ತಿರ ಇಟ್ಟು ದೂರ ಸರಿಯುತ್ತಿದ್ದರು. ನನಗೆ ಹತ್ತು ದಿನ ಯಾವ ವಾಸನೆಯೂ ಬರಲಿಲ್ಲ. ಕಾಫಿ ಬರೀ ಬಿಸಿನೀರಿನಂತಿತ್ತು. ಹನ್ನೊಂದನೆಯ ದಿನ ಸೋಪಿನ ವಾಸನೆ ಸಿಕ್ಕಿದಾಗ ಬಚ್ಚಲಲ್ಲೇ ನಿಂತು ಅತ್ತುಬಿಟ್ಟೆ.

ಹೊರಗೆ ಬಂದು ಕೇಳಿದೆ: "ಅತ್ತೆ, ನಿಂಗೂ ವಾಸ್ನೆ ಹೋಗಿತ್ತಾ?"

"ನಂಗೇನಾಗಿಲ್ಲ ಕಣಮ್ಮ" ಎಂದಳು. "ಬರೀ ಮೈಕೈ ನೋವು ಅಷ್ಟೆ."

ನಾನು ನಂಬಿದೆ. ಆಮೇಲಿನ ತಿಂಗಳುಗಳಲ್ಲಿ ಹುಳಿಸಾರು ಎರಡು ಮೂರು ಸಲ ತಳ ಹಿಡಿಯಿತು, ವಯಸ್ಸಾಯಿತು ಎಂದುಕೊಂಡೆ. ನಾನು ಮನೆಗೆ ಬಂದಾಗ ಅವಳು ಒಳಗಿನಿಂದ ಹೂವಿನ ಹೆಸರು ಹೇಳುವುದು ನಿಂತಿತ್ತು. ಎದುರಿಗೆ ಬಂದು, ತಲೆ ನೋಡಿ, ಆಮೇಲೆ ಮಲ್ಲಿಗೆ ಎನ್ನುತ್ತಿದ್ದಳು. ಅದನ್ನು ಆಗ ನಾನು ಗಮನಿಸಲೇ ಇಲ್ಲ. ಎಷ್ಟೋ ದಿನಗಳ ನಂತರ, ಒಂದೊಂದನ್ನೇ ಹೆಕ್ಕಿ ಜೋಡಿಸಿದಾಗ ನೆನಪಾಯಿತು.

ಆ ವರ್ಷದ ಕಾರ್ತಿಕದಲ್ಲಿ ಹುಚ್ಚೆಳ್ಳು ಚೆನ್ನಾಗಿ ಹೂಬಿಟ್ಟಿತು. ಹೂಕಾಳು ತುಂಬಾ ಬಂತು. ಆದರೆ ಮೋಡ ಮುಚ್ಚಿಕೊಂಡೇ ಇತ್ತು, ಜಿಟಿಜಿಟಿ ಮಳೆ. ಪಡಸಾಲೆಯ ಗಾಳಿಯಲ್ಲೇ ತೇವವಿತ್ತು, ಕಾಳು ಬೇಗ ಒಣಗಲಿಲ್ಲ. ಒಂದು ದಿನ ಕೆಲಸದಿಂದ ಬಂದಾಗ ಅತ್ತೆ ಜಾಡಿಗೆ ತುಂಬುತ್ತಿದ್ದಳು. ಹತ್ತಿರ ಕೂತ ನನಗೆ ಏನೋ ಹುಳಿ ವಾಸನೆ ಸುಳಿದಂತಾಯಿತು. ಬಹಳ ಸಣ್ಣಗೆ.

"ಅತ್ತೆ, ಒಂಥರಾ ಹುಳಿ ವಾಸ್ನೆ ಬತ್ತದಲ್ಲ?"

ಅವಳು ಒಂದು ಹಿಡಿ ತೆಗೆದು, ಯಾವಾಗಲೂ ಮಾಡುವ ಹಾಗೆ ಕಣ್ಣು ಮುಚ್ಚಿ ಉಸಿರೆಳೆದಳು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ.

"ಕೊತ್ತಂಬ್ರಿ ಹೂವಿಂದು ಸೇರ್ಕಂಡದೆ. ಅದ್ರ ವಾಸ್ನೆ ಹಂಗೇ" ಎಂದಳು.

ನಾನು ಸುಮ್ಮನಾದೆ. ಕಾರ್ಖಾನೆಯಲ್ಲಿ ನಾವು ಬಳಸುವ ಅಳತೆಯ ಗೇಜುಗಳನ್ನು ಕಾಲಕಾಲಕ್ಕೆ ಪರೀಕ್ಷೆಗೆ ಕಳಿಸುತ್ತಾರೆ. ಪರೀಕ್ಷೆಯ ಚೀಟಿ ಇಲ್ಲದ ಗೇಜನ್ನು ಮುಟ್ಟುವಂತಿಲ್ಲ. ದಿನವೂ ಆ ಚೀಟಿ ನೋಡಿಯೇ ಕೆಲಸ ಶುರು ಮಾಡುವ ನಾನು, ಮನೆಯಲ್ಲಿ ನನ್ನ ಮೂಗು ಹೇಳಿದ್ದನ್ನು ಬಿಟ್ಟು ಅವಳ ಮೂಗನ್ನು ನಂಬಿದೆ. ಅವಳನ್ನು ಅನುಮಾನಿಸುವುದು ಹೊಳೆಯಲೂ ಇಲ್ಲ. ಹೊಳೆದಿದ್ದರೂ ಬಾಯಿ ಬರುತ್ತಿರಲಿಲ್ಲ.

ಮುಂದಿನ ಆಷಾಢದಲ್ಲಿ ಬಾವ ಜಾಡಿಗಳನ್ನು ತೆಗೆದು ನೊಣಗಳಿಗೆ ಹಿಟ್ಟು ಕಲಸಿದರು. ನಾನು ಕೆಲಸದಲ್ಲಿದ್ದೆ. ಜಾಡಿಯ ಮೇಲ್ಭಾಗದ ಕಾಳು ಬಣ್ಣಗೆಡದೆ ಚೆನ್ನಾಗಿಯೇ ಇತ್ತಂತೆ. ನಡುವೆ ಗಂಟು ಕಟ್ಟಿದ್ದನ್ನು ಫ್ರಿಜ್ಜಿನ ಥಂಡಿಗೆ ಹಾಗಾಗಿದೆ ಎಂದುಕೊಂಡು ಒಡೆದು ಕಲಸಿದರಂತೆ. ಅವರಿಗೆ ಸದಾ ನೆಗಡಿ, ವಾಸನೆ ನೋಡುವ ಅಭ್ಯಾಸವೇ ಇಲ್ಲ. ಅಮ್ಮ ಇಟ್ಟದ್ದು ಎಂದ ಮೇಲೆ ನೋಡುವ ಅಗತ್ಯವೂ ಇರಲಿಲ್ಲ.

ಎರಡು ವಾರಕ್ಕೆ ಪೆಟ್ಟಿಗೆಗಳ ಬಾಯಿಯ ಮುಂದೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚೂರುಗಳು ಕಾಣಿಸಿದವು. ಬಾವ ಒಂದನ್ನು ಅಂಗೈಯಲ್ಲಿಟ್ಟು ತಂದು ನಮಗೆ ತೋರಿಸಿದರು. ಅದು ಜೇನಿನ ಮರಿಹುಳು. ಸತ್ತು, ಗಟ್ಟಿಯಾಗಿ, ಸುಣ್ಣದ ಚೂರಿನಂತಾಗಿತ್ತು. ದೊಡ್ಡ ನೊಣಗಳು ತಮ್ಮ ಸತ್ತ ಮರಿಗಳನ್ನು ಗೂಡಿನಿಂದ ಒಂದೊಂದಾಗಿ ಎಳೆದು ತಂದು ಹೊರಗೆ ಬಿಸಾಡುತ್ತಿದ್ದವು. ದಿನವೂ ಗುಡಿಸಿದರೆ ಮಾರನೆಯ ದಿನ ಮತ್ತಷ್ಟು. ಒಂದೊಂದೇ ಪೆಟ್ಟಿಗೆಯ ಸದ್ದು ಕಡಿಮೆಯಾಗುತ್ತ ಬಂತು. ಶ್ರಾವಣ ಹುಟ್ಟುವ ಹೊತ್ತಿಗೆ ಹನ್ನೆರಡರಲ್ಲಿ ಏಳು ಖಾಲಿ.

ತರಬೇತಿ ಕೊಟ್ಟವರು ಬಂದು ನೋಡಿದರು. ಇದು ಬೂಷ್ಟಿನಿಂದ ಬರುವ ರೋಗ, ಮಳೆಯ ಥಂಡಿಗೂ ಬರುತ್ತದೆ, ಕೆಟ್ಟ ಪರಾಗ ತಿನ್ನಿಸಿದರೂ ಬರುತ್ತದೆ ಎಂದರು. ಅವರು ಹೋದ ಮೇಲೆ ಬಾವ ಉಳಿದಿದ್ದ ಒಂದು ಜಾಡಿಯನ್ನು ತಟ್ಟೆಗೆ ಸುರಿದರು. ನಡುವಿನ ಗಂಟನ್ನು ಒಡೆದರು. ಒಳಗೆಲ್ಲ ನೀಲಿಬೂದು ಬಣ್ಣದ ಬೂಷ್ಟು.

ಬಾವ ನನ್ನ ಕಡೆ ತಿರುಗಿದರು.

"ಒದ್ದೆ ಚಮ್ಚ ಹಾಕಿದ್ಯಾ? ಬಸ್ ಹೊಂಟೋಗ್ತದೆ ಅಂತ ಥಂಡಿ ಜಾಡಿ ಬಾಯ್ ತೆಗ್ದಿದ್ಯಾ?"

ನಾನು ಅತ್ತೆಯ ಮುಖ ನೋಡಿದೆ. ಅವಳು ನಡುಮನೆಯಲ್ಲಿ ಕೂತು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ನಿಲ್ಲಲಿಲ್ಲ. ತಲೆ ಎತ್ತಲಿಲ್ಲ.

"ಇರ್ಬೋದು" ಎಂದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಎಷ್ಟು ಮುಂಜಾನೆಗಳು, ಎಷ್ಟು ಆತುರ. ಯಾವತ್ತಾದರೂ ಬೆವರು ಆರುವ ಮೊದಲೇ ತೆಗೆದಿದ್ದರೂ ತೆಗೆದಿರಬಹುದು.

ಬಾವ ಕೂಗಾಡುವವರಲ್ಲ, ಅದೇ ಕಷ್ಟ. ಹೊಲದಿಂದ ಬಂದು ಉಂಡು ಎದ್ದುಹೋಗುತ್ತಿದ್ದರು. ಖಾಲಿ ಪೆಟ್ಟಿಗೆಗಳನ್ನು ಮನೆಯ ಹಿಂದೆ ಒಂದರ ಮೇಲೊಂದು ಪೇರಿಸಿದರು. ಮುಂಜಾನೆ ಹಲ್ಲುಜ್ಜುವಾಗ ಅವು ಎದುರಿಗೇ ಕಾಣುತ್ತಿದ್ದವು. ಅತ್ತೆ ನನ್ನನ್ನು ಮೊದಲಿಗಿಂತ ಹೆಚ್ಚು ನೋಡಿಕೊಳ್ಳತೊಡಗಿದಳು. ಕೇಳದೆಯೇ ನನ್ನ ಸೀರೆ ಒಗೆದು ಹಾಕುವಳು. ಊಟದ ಡಬ್ಬಿಗೆ ನನಗಿಷ್ಟದ ಹುಚ್ಚೆಳ್ಳು ಪುಡಿ ಕಟ್ಟುವಳು. ನಾನು ಮಧ್ಯಾಹ್ನ ಬಸ್ಸಿಳಿಯುವ ಹೊತ್ತಿಗೆ ಸರಿಯಾಗಿ ಕಾಫಿಗೆ ಹಾಲು ಇಡುವಳು. ಅವಳು ಮಗನೆದುರು ನನ್ನ ಪರ ಒಂದು ಮಾತಾದರೂ ಆಡಬಹುದಿತ್ತು ಎಂಬ ಕೋಪ ನನಗಿತ್ತು. ಅವಳು ಮಾಡಿಟ್ಟದ್ದನ್ನು ತಿನ್ನುತ್ತಿದ್ದೆ, ಮಾತು ಕಡಿಮೆ ಮಾಡಿದ್ದೆ.

ಒಂದು ತಿಂಗಳು ಹೀಗೆ ಹೋಯಿತು.

ಒಂದು ಮಧ್ಯಾಹ್ನ, ಮೊದಲ ಶಿಫ್ಟ್ ಮುಗಿಸಿ ಬಂದೆ. ಮಳೆ ಹನಿಯುತ್ತಿತ್ತು. ಗಾಳಿಮಳೆಗೆಂದು ಕಿಟಕಿ, ಹಿತ್ತಿಲ ಬಾಗಿಲು ಎಲ್ಲ ಮುಚ್ಚಿದ್ದವು. ಮುಂಬಾಗಿಲು ತಳ್ಳಿ ಚಪ್ಪಲಿ ಬಿಡುವಾಗಲೇ ಗ್ಯಾಸಿನ ವಾಸನೆ ಮುಖಕ್ಕೆ ರಾಚಿತು. ಸುಮ್ಮನೆ ಸುಳಿದ ವಾಸನೆಯಲ್ಲ, ಮನೆಯೆಲ್ಲ ತುಂಬಿಕೊಂಡಿತ್ತು. ಅತ್ತೆ ನಡುಮನೆಯಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. ನನ್ನನ್ನು ಕಂಡು, "ಬಂದ್ಯಾ? ತಡಿ, ಕಾಫಿ ಕೊಡ್ತೀನಿ" ಎಂದು ಮಂಡಿ ಹಿಡಿದುಕೊಂಡು ಎದ್ದಳು. ಅಡುಗೆಮನೆಗೆ ಹೋಗಿ ಒಲೆಯ ಕಡೆ ಬಗ್ಗಿದಳು. "ಅಯ್ಯೋ, ಹಾಲು ಉಕ್ಬುಟ್ಟು ಒಲೆ ಆರೋಗದೆ" ಎನ್ನುತ್ತ ಬೆಂಕಿಪೆಟ್ಟಿಗೆ ಕೈಗೆತ್ತಿಕೊಂಡಳು. ಕಡ್ಡಿ ತೆಗೆದಳು.

"ಅತ್ತೆ, ಗೀಚ್ಬೇಡ!"

ನಾನು ಹೇಗೆ ಅಷ್ಟು ದೂರ ಹಾರಿದೆನೋ ಗೊತ್ತಿಲ್ಲ. ಅವಳ ಕೈಯನ್ನು ಹಿಡಿದೆನೋ ಹೊಡೆದೆನೋ, ಕಡ್ಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಒಲೆಯ ಗುಂಡಿ ತಿರುಗಿಸಿದೆ, ಸಿಲಿಂಡರ್ ಮುಚ್ಚಿದೆ, ಹಿತ್ತಿಲ ಬಾಗಿಲು ತೆರೆದು ಅವಳನ್ನು ಎಳೆದುಕೊಂಡೇ ಹೊರಗೆ ಹೋದೆ. ತುಂತುರಿನಲ್ಲಿ ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತೆವು.

"ಮನೆ ತುಂಬಾ ಗ್ಯಾಸು ಅತ್ತೆ. ನಿಂಗೆ ಗೊತ್ತಾಗ್ಲಿಲ್ವಾ?"

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು; ಸುಳ್ಳು ಹುಡುಕುತ್ತಿದ್ದಳು ಎಂದು ಈಗ ಅನಿಸುತ್ತದೆ. ಸಿಗಲಿಲ್ಲ. ಕಲ್ಲಿನ ಮೇಲೆ ಕೂತಳು.

"ನಂಗೆ ವಾಸ್ನೆ ಬರಲ್ಲ ಕಣಮ್ಮ" ಎಂದಳು. "ಆ ಜ್ವರ ಬಂದಾಗ್ಲಿಂದ. ಒಂದೂ ಬರಲ್ಲ."

ಅವಳೇ ಮುಂದುವರಿಸಿದಳು. ಮೊದಮೊದಲು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳಂತೆ. ಹಿತ್ತಿಲ ದೊಡ್ಡಪತ್ರೆ ಕಿತ್ತು ಉಜ್ಜಿ ನೋಡುವಳಂತೆ, ಬೆಳ್ಳುಳ್ಳಿ ಜಜ್ಜಿ ನೋಡುವಳಂತೆ.

"ನಿಮ್ ಮಾವನ ಕಂಬ್ಳಿ ಪೆಟ್ಟಿಗೇಲಿ ಅದೆ. ಯಾವಾಗ್ಲಾದ್ರೂ ತೆಗ್ದು ಮೂಗಿಗ್ ಹಿಡ್ಕಂತಿದ್ದೆ. ಹೊಗೆಸೊಪ್ಪು, ಕುರಿ, ಅವ್ರ ಬೆವ್ರು, ಎಲ್ಲಾ ಇರ್ತಿತ್ತು ಅದ್ರಾಗೆ. ಈಗ ಅದು ಬರೀ ಕಂಬ್ಳಿ."

"ನಮ್ಗ್ಯಾಕ್ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಈ ಮನೇಲಿ ನಂಗೆ ಅಂತ ಇದ್ದಿದ್ದು ಅದೊಂದು ಕೆಲ್ಸ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ನು ನಿನ್ನ ಕೇಳ್ದಾಗ ನಂಗ್ ಗೊತ್ತಿತ್ತು. ಬಾಯಿಗ್ ಬಂದಿದ್ದ ಮಾತು ನುಂಗ್ಬುಟ್ಟೆ. ನಿನ್ ಮ್ಯಾಲೆ ಹೋಗ್ಲಿ ಅಂತ ಬುಟ್ಟೆ. ಈಗ ನಿನ್ನೂ ಸುಟ್ ಹಾಕ್ತಿದ್ದೆ."

ನನ್ನ ಕೋಪ ಎಲ್ಲಿ ಹೋಯಿತೋ. ಪೂರ್ತಿ ಹೋಗಲಿಲ್ಲ ಎನ್ನುವುದೂ ನಿಜ. ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು, ಯಾಕೆ ಹೀಗೆ ಮಾಡಿದೆ ಎಂದು ಅಲುಗಾಡಿಸಬೇಕು ಎಂದೂ ಅನಿಸಿತು. ಎರಡನ್ನೂ ಮಾಡದೆ ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. ಮನೆಯೊಳಗಿನ ವಾಸನೆ ಹೋಗುವವರೆಗೂ ಹಾಗೇ ಒದ್ದೆಯಾಗುತ್ತ ಕೂತಿದ್ದೆವು. ವಾಸನೆ ಹೋಗಿದೆಯೇ ಎಂದು ನೋಡಿ ಬರಲು ನಾನೊಬ್ಬಳೇ ಎದ್ದು ಹೋದೆ.

ಸಂಜೆ ಬಾವ ಬಂದು ಕೈಕಾಲು ತೊಳೆದು ಕೂತಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. ನಿಂತುಕೊಂಡೇ ಹೇಳಿದಳು.

"ಲೇ, ಹೂಕಾಳು ಕೆಟ್ಟಿದ್ದು ನನ್ನಿಂದ ಕಣ್ಲಾ. ಅವಳ್ದೇನೂ ಇಲ್ಲ. ಒಣಗಿತ್ತೋ ಇಲ್ವೋ ನಂಗ್ ತಿಳೀಲಿಲ್ಲ. ವಾಸ್ನೆ ನೋಡ್ದಂಗೆ ನಾಟ್ಕ ಆಡ್ದೆ."

ಮಧ್ಯಾಹ್ನದ ವಿಷಯವನ್ನೂ ಅವಳೇ ಹೇಳಿದಳು. ಬಾವ ಎದ್ದು ಅಡುಗೆಮನೆಗೆ ಹೋಗಿ ಸಿಲಿಂಡರ್ ನೋಡಿ ಬಂದರು. ಮತ್ತೆ ಕೂತರು.

ಆಗ ನಾನೂ ಹೇಳಬೇಕಾಯಿತು. "ಜಾಡಿಗ್ ತುಂಬೋವಾಗ ನಂಗೆ ಹುಳಿ ವಾಸ್ನೆ ಬಂದಿತ್ತು ಬಾವ. ಅತ್ತೆ ಸರಿಯಾಗದೆ ಅಂದ್ಳು ಅಂತ ಸುಮ್ನಾದೆ."

ಬಾವ ಇಬ್ಬರನ್ನೂ ನೋಡಿದರು. "ಇಬ್ರಾಗ್ ಒಬ್ರಾದ್ರೂ ಬಾಯ್ ಬುಟ್ಟಿದ್ರೆ" ಎಂದು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ, "ನಾನೂ ಗಂಟು ನೋಡ್ದೆ. ಒಡ್ದು ಕಲಸ್ಬುಟ್ಟೆ" ಎಂದರು. ಅತ್ತೆ ಅಂದು ಉಣ್ಣಲಿಲ್ಲ. ನಾವು ಬಲವಂತ ಮಾಡಲಿಲ್ಲ.

ಹೊಸೂರಿನ ಒಬ್ಬ ಮೂಗು ಕಿವಿ ಡಾಕ್ಟರಿಗೆ ತೋರಿಸಿದೆವು. ಅವರು ಬಹಳ ಸಮಾಧಾನದಿಂದ ನೋಡಿದರು. ಇಷ್ಟು ದಿನವಾಗಿದೆ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ದಿನಾ ಲವಂಗ, ನಿಂಬೆಸಿಪ್ಪೆಯಂಥ ನಾಲ್ಕು ವಸ್ತುಗಳನ್ನು ಮೂಗಿಗೆ ಹಿಡಿದು ಅಭ್ಯಾಸ ಮಾಡಲು ಹೇಳಿದರು. ಅತ್ತೆ ಕೆಲವು ತಿಂಗಳು ತಪ್ಪದೆ ಮಾಡಿದಳು. ಒಂದು ಸಲ ಲವಂಗದ್ದು ಬಂದ ಹಾಗಾಯಿತು ಎಂದಳು. ಮಾರನೆಯ ದಿನ ಕಣ್ಣು ಮುಚ್ಚಿಸಿ ನಾನು ಖಾಲಿ ಬಟ್ಟಲು ಹಿಡಿದಾಗಲೂ ಬಂತು ಎಂದಳು. ನಾನು ಬಟ್ಟಲು ಕೆಳಗಿಟ್ಟೆ, ಹೇಳಲಿಲ್ಲ. ಅವಳಿಗೆ ಗೊತ್ತಾಯಿತು ಎಂದೇ ಕಾಣುತ್ತದೆ. ಅಲ್ಲಿಂದ ಆ ಅಭ್ಯಾಸ ನಿಂತಿತು.

ಬಾವ ಖಾಲಿ ಪೆಟ್ಟಿಗೆಗಳನ್ನು ಸೋಡಾ ಹಾಕಿದ ಕುದಿನೀರಲ್ಲಿ ತೊಳೆದು, ಒಳಗೆಲ್ಲ ಬೆಂಕಿ ಆಡಿಸಿ, ಹಳೆಯ ಮೇಣದ ಎರಿಗಳನ್ನು ಸುಟ್ಟರು. ಉಳಿದ ಐದು ಗೂಡುಗಳನ್ನು ಬಿಸಿಲು ಬೀಳುವ ಜಾಗಕ್ಕೆ ಸರಿಸಿದರು. ಎರಡು ವರ್ಷಕ್ಕೆ ಐದು ಇದ್ದದ್ದು ಎಂಟಾದವು. ಹನ್ನೆರಡು ಇನ್ನೂ ಆಗಿಲ್ಲ.

ಆ ಮಳೆಗಾಲ ಕಳೆದು ಕಾರ್ತಿಕದಲ್ಲಿ ಮತ್ತೆ ಹೂಕಾಳು ಬಂದಾಗ ಅತ್ತೆ ಮೊರವನ್ನು ನನ್ನ ಮುಂದೆ ತಳ್ಳಿ ದೂರ ಕೂತಳು. ನಾನು ಅದನ್ನು ಅವಳ ಮಡಿಲ ಹತ್ತಿರಕ್ಕೆ ತಳ್ಳಿದೆ. "ಬೆರಳೂ ಕಿವೀನೂ ನಿಂದು ಅತ್ತೆ. ಮೂಗು ನಂದು." ಅವಳು ಕಸ ಆರಿಸತೊಡಗಿದಳು.

ಅವಳು ನನಗೆ ವಾಸನೆ ಕಲಿಸಿದ್ದು ಹೀಗೆ. ನಾನು ಒಂದು ಹಿಡಿ ಮೂಸಿ, ಹೇಗಿದೆ ಎಂದು ಹೇಳಬೇಕು. "ಚೆನ್ನಾಗದೆ" ಎಂದರೆ ಒಪ್ಪುತ್ತಿರಲಿಲ್ಲ.

"ಚೆನ್ನಾಗದೆ ಅಂದ್ರೆ ಏನು? ಒಣಗಿದ್ ಹುಲ್ಲಿನಂಗಾ, ಹೊಸ ಬೆಲ್ಲದಂಗಾ? ಗಂಟಲ ತಾವ ಏನಾದ್ರೂ ಹಿಡಿತದಾ?"

"ಹುಲ್ಲಿನಂಗೆ. ಆಮ್ಯಾಲೆ ಸ್ವಲ್ಪ ಜೇನಿನಂಗೆ."

"ಹಿಡಿತದಾ?"

"ಇಲ್ಲ."

"ಹಂಗಾರೆ ತುಂಬು."

ಮೊದಲ ವರ್ಷ ನಾನು ಹೇಳುವ ಮಾತನ್ನು ಅವಳು ನೆನಪಿನಲ್ಲಿದ್ದ ಹಳೆಯ ವಾಸನೆಗಳ ಪಕ್ಕದಲ್ಲಿಟ್ಟು ನೋಡಿ ತೀರ್ಪು ಹೇಳುತ್ತಿದ್ದಳು. ಅವಳೊಳಗೆ ಅವು ಹಾಗೇ ಇದ್ದವು. ಎರಡನೆಯ ವರ್ಷ ಅವಳ ಪ್ರಶ್ನೆಗಳು ಕಡಿಮೆಯಾದವು. ನನ್ನ ಮೇಲಿನ ನಂಬಿಕೆಯೋ, ಆ ನೆನಪುಗಳೂ ಮಾಸತೊಡಗಿವೆಯೋ, ಕೇಳುವ ಧೈರ್ಯ ನನಗಿಲ್ಲ.

ಈ ಆಷಾಢದಲ್ಲಿ ನೊಣಗಳಿಗೆ ಕೊಡಲು ನಾಲ್ಕು ಜಾಡಿ ಹೊರಗೆ ತೆಗೆದೆವು. ಬೆವರು ಆರುವವರೆಗೂ ಮೂವರೂ ಪಡಸಾಲೆಯಲ್ಲಿ ಕಾದು ಕೂತೆವು. ಮೂರು ಜಾಡಿ ಸರಿಯಾಗಿದ್ದವು. ನಾಲ್ಕನೆಯದನ್ನು ಮೂಸಿದಾಗ ನನಗೆ ತಿಳಿಯಲಿಲ್ಲ. ಹುಳಿಯೆಂದರೆ ಹುಳಿ, ಅಲ್ಲವೆಂದರೆ ಅಲ್ಲ. ಹೊರಗೆ ಹೋಗಿ ಗಾಳಿ ಕುಡಿದು ಬಂದು ಮತ್ತೆ ಮೂಸಿದೆ. ಆಗಲೂ ಹಾಗೇ. ಬಾವ ತಟ್ಟೆಗೆ ಸುರಿದು ನೋಡಿದರು. ಗಂಟಿಲ್ಲ, ಬೂಷ್ಟಿಲ್ಲ, ಬಣ್ಣ ಚೆನ್ನಾಗಿದೆ. ಅತ್ತೆ ಎರಡು ಕಾಳು ಹಿಸುಕಿದಳು, ಅಂಟಲಿಲ್ಲ. ತಟ್ಟೆಗೆ ಬಿಟ್ಟಳು, ಸದ್ದು ಸರಿಯಾಗಿತ್ತು.

"ಸರಿಯಾಗೇ ಅದಲ್ಲ" ಎಂದರು ಬಾವ.

ಅತ್ತೆ ನನ್ನನ್ನೇ ನೋಡುತ್ತಿದ್ದಳು. "ನೀನ್ ಹೇಳು."

"ಬ್ಯಾಡ" ಎಂದೆ. "ಇದ್ನ ಕೊಡೋದ್ ಬ್ಯಾಡ."

ಬಾವ ಏನೋ ಹೇಳಹೊರಟರು. ಒಂದು ಜಾಡಿ ಹೂಕಾಳು ಎಂದರೆ ನೊಣಗಳ ಎಷ್ಟೋ ದಿನಗಳ ದುಡಿಮೆ. ಅದು ನನಗೂ ಗೊತ್ತಿತ್ತು. ಅತ್ತೆ ಕೈ ಎತ್ತಿ ಅವರನ್ನು ತಡೆದಳು.

ನಾನು ತಟ್ಟೆಯನ್ನು ಹಿತ್ತಿಲಿಗೆ ಒಯ್ದೆ. ಸುಮ್ಮನೆ ಚೆಲ್ಲಿದರೆ ನೊಣಗಳು ಹುಡುಕಿಕೊಂಡು ಬರುತ್ತವೆ ಎಂದು ತಿಪ್ಪೆಯ ಪಕ್ಕ ಒಂದು ಗುಂಡಿ ತೋಡಿದೆ. ಅರಿಶಿನದ ಬಣ್ಣದ ಕಾಳನ್ನು ಅದಕ್ಕೆ ಸುರಿದು, ಮಣ್ಣು ಮುಚ್ಚಿ, ಕಾಲಿನಿಂದ ತುಳಿದೆ. ಅದು ಕೆಟ್ಟಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಒಳಗೆ ಬಂದಾಗ ಬಾವ ಮೂರು ಜಾಡಿಯ ಕಾಳನ್ನು ಕಲಸುತ್ತಿದ್ದರು, ಅತ್ತೆ ಸಕ್ಕರೆ ಪುಡಿ ಹಾಕುತ್ತಿದ್ದಳು. ನಾನು ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಹಿಟ್ಟು ತಟ್ಟಲು ಅವರ ಜತೆ ಕೂತೆ.